ನಾಕ್ ಆದವನು, ನಾಕ್ ಮಾಡಿಸಿದವನು

(ನಮ್ಮ ಊರಿನ ಗ್ರಂಥಾಲಯದಲ್ಲಿ ಒಂದು ಭಾನುವಾರ ಬೆಳಿಗ್ಗೆ ಆಡಿದ ಮಾತುಗಳ ಬರಹ ರೂಪ. ಬಾಯಲ್ಲಿ ಎರಡೆರಡು ಸಲ ಬಂದದ್ದನ್ನು ಕಿತ್ತುಹಾಕಿದ್ದೇನೆ. ಸಭೆಯಲ್ಲಿದ್ದವರ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಆಹ್ವಾನ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಆನ್‌ಲೈನ್ ಆಟಗಳ ಪರಿಭಾಷೆ’ ಎಂದು ಅಚ್ಚು ಹಾಕಿಸಿದ್ದಾರೆ. ಅದನ್ನು ನೋಡಿ ನನಗೇ ಗಾಬರಿಯಾಯಿತು. ಪರಿಭಾಷೆ ಎಂದರೆ ಸಮಿತಿಯೊಂದು ಕೂತು, ಎರಡು ಸುತ್ತು ಕಾಫಿ ಕುಡಿದು, ಒಪ್ಪಿ, ಪುಸ್ತಕ ಮಾಡಿ ಕಪಾಟಿನಲ್ಲಿಟ್ಟ ಪದಗಳು. ನಾನು ಹೇಳಲು ಬಂದಿರುವ ಪದಗಳು ಹುಟ್ಟಿದ್ದು ಎರಡೂ ಕೈಗೆ ಕೆಲಸವಿದ್ದಾಗ, ತಲೆಯ ಮೇಲೆ ಗುಂಡು ಹಾರುತ್ತಿದ್ದಾಗ, ಉಸಿರು ಬಿಡುವಷ್ಟೂ ಪುರುಸೊತ್ತಿಲ್ಲದಿದ್ದಾಗ.

ಹೋದ ವರ್ಷ ಗೌರಿ ಹಬ್ಬದ ಹಿಂದಿನ ರಾತ್ರಿ ಅಕ್ಕನ ಮನೆಯಲ್ಲಿದ್ದೆ. ಅಡುಗೆಮನೆಯಲ್ಲಿ ಅಮ್ಮ ಮರುದಿನದ ಹೋಳಿಗೆಗೆ ಬೇಳೆ ಆರಿಸುತ್ತಿದ್ದರು. ನಡುಮನೆಯಲ್ಲಿ ಪಿಯುಸಿ ಓದುವ ಅಕ್ಕನ ಮಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲನ್ನು ಅಡ್ಡ ಹಿಡಿದು, ಕಣ್ಣಿಗೆ ಕಾಣದ ಮೂವರೊಂದಿಗೆ ಮಾತನಾಡುತ್ತಿದ್ದ. ಅರ್ಧ ಗಂಟೆಯಲ್ಲಿ ನನ್ನ ಕಿವಿಗೆ ಬಿದ್ದದ್ದು ಹೀಗಿತ್ತು (ಹುಡುಗನ ಮಾತಿಗೆ ತುಸು ಇಸ್ತ್ರಿ ಹಾಕಿದ್ದೇನೆ): “ಪೊಚಿಂಕಿ ಬೇಡ, ಅಲ್ಲಿ ಹಾಟ್ ಡ್ರಾಪ್... ಮೊದಲು ಲೂಟ್ ಮಾಡು... ಒಬ್ಬ ನಾಕ್, ಒಬ್ಬ ನಾಕ್! ಫಿನಿಶ್ ಮಾಡಬೇಡ, ಅವನ ಕಡೆಯವರು ರಿವೈವ್ ಕೊಡಲು ಬರುತ್ತಾರೆ... ಹಿಂದೆ, ಹಿಂದೆ! ನೋಡು, ನನ್ನನ್ನೂ ನಾಕ್ ಮಾಡಿಸಿದೆ. ಬೇಗ ಎಬ್ಬಿಸು, ಝೋನ್ ಬಂತು.” ಆಮೇಲೆ ಒಂದು ದೊಡ್ಡ ಕೂಗು: “ಚಿಕನ್ ಡಿನ್ನರ್!”

ಅಮ್ಮ ಮೊರವನ್ನು ಕೆಳಗಿಟ್ಟು ಹೊರಗೆ ಬಂದರು. “ಹಬ್ಬದ ಮನೆಯಲ್ಲಿ ಇದೇನೋ ನಿನ್ನ ಬಾಯಲ್ಲಿ?”

ಅವನು ಆಡುತ್ತಿದ್ದದ್ದು ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ. ಅದರ ಮೂಲ ಪಬ್‌ಜಿ. ಐರ್ಲೆಂಡಿನ ಬ್ರೆಂಡನ್ ಗ್ರೀನ್ ಎಂಬುವವರ ಕಲ್ಪನೆಯಿಂದ 2017ರಲ್ಲಿ ಕಂಪ್ಯೂಟರಿಗೆ ಬಂದ ಆಟ, ಮರುವರ್ಷ ಮೊಬೈಲಿಗೂ ಇಳಿಯಿತು. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು ನಿಷೇಧಿಸಿತು. 2021ರಲ್ಲಿ ಭಾರತಕ್ಕೆಂದೇ ಬೇರೆ ಹೆಸರಿನಲ್ಲಿ ಮತ್ತೆ ಬಂತು. ಆಟದ ಹೂರಣ ಸರಳ: 100 ಜನ ನಾಲ್ಕು ನಾಲ್ಕರ ತಂಡವಾಗಿ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ, ಕೊನೆಗೆ ಉಳಿದ ತಂಡ ಗೆದ್ದಂತೆ. ಗೆದ್ದವರಿಗೆ ಪರದೆಯ ಮೇಲೆ ಕೋಳಿ ಊಟ ಸಿಕ್ಕಿತು ಎಂಬ ಸಾಲು ಬರುತ್ತದೆ. ಅದು ಅಮೆರಿಕದ ಜೂಜುಕೋರರ ಹಳೆಯ ಮಾತು. ಚೀನಾದಲ್ಲಿ ಈ ಸಾಲು ಎಷ್ಟು ಹಬ್ಬಿತೆಂದರೆ, ಇಂಥ ಆಟಗಳ ಇಡೀ ಜಾತಿಗೇ ಅಲ್ಲಿ ‘ಕೋಳಿ ತಿನ್ನುವುದು’ ಎಂದು ಹೆಸರು ಬಿತ್ತು. ನಮ್ಮ ಅಕ್ಕನ ಮನೆಯಲ್ಲಿ ಮಾತ್ರ ಹಬ್ಬ ಮುಗಿಯುವವರೆಗೆ ಗೆದ್ದರೆ “ಹೋಳಿಗೆ” ಎಂದು ಕೂಗಬೇಕೆಂದು ಅಜ್ಜಿಯ ಅಪ್ಪಣೆಯಾಯಿತು. ಅವನು ಕೂಗಿದ ಕೂಡ. ಆ ತುದಿಯಲ್ಲಿದ್ದ ಮೂವರಿಗೆ ಏನು ಅರ್ಥವಾಯಿತೋ ತಿಳಿಯದು.

ಈಗ ಅವನ ಮಾತನ್ನು ಬಿಡಿಸೋಣ. ಪೊಚಿಂಕಿ ಎಂಬುದು ದ್ವೀಪದ ನಡುವಿನ ಊರು. ಹಾರುವವರಲ್ಲಿ ಬಹಳಷ್ಟು ಜನ ಒಂದೇ ಜಾಗಕ್ಕೆ ಮುಗಿಬಿದ್ದರೆ ಅದು ಹಾಟ್ ಡ್ರಾಪ್. ಝೋನ್ ಎಂದರೆ ನಿಮಿಷ ನಿಮಿಷಕ್ಕೂ ಕುಗ್ಗುತ್ತಾ ಬರುವ ನೀಲಿ ಗಡಿ. ಅದರ ಹೊರಗೆ ಉಳಿದವನ ಪ್ರಾಣ ಸೋರುತ್ತಾ ಹೋಗುತ್ತದೆ. ಇಷ್ಟು ತಿಳಿದರೆ ಸಾಕು. ನನ್ನ ಆಸಕ್ತಿಯಿರುವುದು ‘ನಾಕ್’ ಎಂಬ ಒಂದೇ ಪದದ ಮೇಲೆ. ಗುಂಡು ತಿಂದವನು ಕೂಡಲೇ ಸಾಯುವುದಿಲ್ಲ, ನೆಲಕ್ಕೆ ಬಿದ್ದು ತೆವಳುತ್ತಾನೆ. ಆ ಸ್ಥಿತಿ ನಾಕ್. ಜೊತೆಗಾರನೊಬ್ಬ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ಸುಮಾರು 10 ಸೆಕೆಂಡು ಕಷ್ಟಪಟ್ಟರೆ ಎದ್ದು ನಿಲ್ಲುತ್ತಾನೆ. ಅದು ರಿವೈವ್.

ಈ ಇಂಗ್ಲಿಷ್ ತುಂಡನ್ನು ಹುಡುಗರ ಕನ್ನಡ ಏನು ಮಾಡಿದೆ ನೋಡಿ. “ಅವನು ನಾಕ್ ಆದ” ಎಂದರೆ ಬಿದ್ದ, ಹೇಗೆ ಬಿದ್ದನೋ ಬಿಡಿ. “ಅವನನ್ನು ನಾಕ್ ಮಾಡಿದೆ” ಎಂದರೆ ನಾನೇ ಬೀಳಿಸಿದೆ, ಲೆಕ್ಕಕ್ಕೆ ಬರೆದುಕೊಳ್ಳಿ. ಮೂರನೆಯದು “ನೀನು ನನ್ನನ್ನು ನಾಕ್ ಮಾಡಿಸಿದೆ”. ಇಲ್ಲಿ ಗುಂಡು ಹೊಡೆದವನು ಎದುರಾಳಿ, ಗುಂಡು ತಿಂದವನು ನಾನು. ಆದರೆ ಕಾರಣ ನೀನು. ನೀನು ಸುಮ್ಮನಿರದೆ ಬಾಗಿಲು ತೆಗೆದೆ, ಅವರಿಗೆ ನಮ್ಮ ಜಾಗ ಗೊತ್ತಾಯಿತು, ನಾನು ಬಿದ್ದೆ. ಇಷ್ಟೂ ಆರೋಪ ‘ಇಸು’ ಎಂಬ ಪ್ರತ್ಯಯದಲ್ಲಿ ಕೂತಿದೆ. ಹೈಸ್ಕೂಲಿನಲ್ಲಿ ಪ್ರೇರಣಾರ್ಥಕ ಎಂದು ಓದಿ ಮರೆತಿದ್ದೆನಲ್ಲ, ಅದೇ. ಇದೇ ದೂರನ್ನು ಇಂಗ್ಲಿಷಿನಲ್ಲಿ ಹೇಳಲು ಅಷ್ಟುದ್ದದ ವಾಕ್ಯ ಬೇಕು, ಅಷ್ಟರಲ್ಲಿ ದೂರುವವನೂ ಸತ್ತಿರುತ್ತಾನೆ. ಅಕ್ಕನ ಮಗನಿಗೆ ಕನ್ನಡ ಪರೀಕ್ಷೆಯಲ್ಲಿ ಪ್ರೇರಣಾರ್ಥಕಕ್ಕೆ ಉದಾಹರಣೆ ಕೊಡು ಎಂದಾಗ ‘ಮಾಡು, ಮಾಡಿಸು’ ಬರೆದು ಒಂದು ಅಂಕ ತೆಗೆದುಕೊಂಡಿದ್ದಾನೆ. ಜೀವಂತ ಉದಾಹರಣೆ ಅವನ ನಾಲಿಗೆಯ ಮೇಲೇ ಇತ್ತು.

ಕ್ರಿಯಾಪದಗಳ ಆಯ್ಕೆಯಲ್ಲೂ ಒಂದು ಲೆಕ್ಕವಿದೆ. ಲೂಟ್ ಮಾಡುತ್ತಾರೆ, ರಿವೈವ್ ಕೊಡುತ್ತಾರೆ, ರಶ್ ಹೊಡೆಯುತ್ತಾರೆ, ಮ್ಯಾಚ್ ಹಾಕುತ್ತಾರೆ, ಕ್ಯಾಂಪ್ ಕೂರುತ್ತಾರೆ. ರಿವೈವ್ ಒಬ್ಬ ಇನ್ನೊಬ್ಬನಿಗೆ ಮಾಡುವ ಉಪಕಾರ, ಹಾಗಾಗಿ ಕೊಡುವುದು. ರಶ್ ಎಂದರೆ ಏಕಾಏಕಿ ನುಗ್ಗುವುದು, ಹಾಗಾಗಿ ಹೊಡೆಯುವುದು. ಯಾರೂ ಕಲಿಸಿದ್ದಲ್ಲ ಇದು. ಬೆಂಗಳೂರಿನ ಹುಡುಗನೂ ಹುಬ್ಬಳ್ಳಿಯ ಹುಡುಗನೂ ಮುಖ ನೋಡದೆ ಒಟ್ಟಿಗೆ ಆಡುತ್ತಾರೆ, ಈ ಕ್ರಿಯಾಪದಗಳ ಮೇಲೆ ಜಗಳವಾಡಿದ್ದನ್ನು ನಾನಂತೂ ಕೇಳಿಲ್ಲ. ಬೇರೆ ಎಲ್ಲದರ ಮೇಲೂ ಜಗಳವಾಡುತ್ತಾರೆ.

ಕ್ಯಾಂಪ್ ಎಂದಾಗ ಇಲ್ಲಿರುವ ಹಿರಿಯರ ಮುಖದಲ್ಲಿ ನಗು ಕಂಡಿತು. ನಮಗೆ ಕ್ಯಾಂಪ್ ಎಂದರೆ ಸಾಹೇಬರು ಊರಲ್ಲಿಲ್ಲ, ಫೈಲಿಗೆ ಸಹಿ ಇಲ್ಲ, ಮುಂದಿನ ವಾರ ಬನ್ನಿ. ಗಂಗಾವತಿ, ಸಿಂಧನೂರು ಕಡೆಯವರಿಗೆ ತುಂಗಭದ್ರಾ ಕಾಲುವೆಯ ನೀರಿಗೆಂದು ಬಂದು ನೆಲೆಸಿದ ರೈತರ ಊರುಗಳೆಲ್ಲ ಕ್ಯಾಂಪೇ. ಆಟದಲ್ಲಿ ಕ್ಯಾಂಪರ್ ಎಂದರೆ ಒಂದು ಮೂಲೆಯಲ್ಲಿ ಅಡಗಿ, ಹೋಗಿ ಬರುವವರನ್ನು ಹೊಂಚಿ ಹೊಡೆಯುವವನು. ಇದು ಬೈಗುಳ. ವಿಚಿತ್ರವೆಂದರೆ ನಿಜವಾದ ಯುದ್ಧದಲ್ಲಿ ಯಾವ ಸೈನಿಕನಿಗಾದರೂ ಕಲಿಸುವ ಮೊದಲ ಪಾಠವೇ ಮರೆಯಲ್ಲಿ ಇರು ಎಂಬುದು. ಆಟದಲ್ಲಿ ಮಾತ್ರ ಎದೆಯೊಡ್ಡಿ ಬರಬೇಕೆಂಬ ಕ್ಷಾತ್ರ ನಿಯಮ ಹೇಗೋ ಹುಟ್ಟಿಕೊಂಡಿದೆ.

ನಾನು ಈ ಭಾಷೆಗೆ ಬಿದ್ದದ್ದು ಇಪ್ಪತ್ತು ವರ್ಷಗಳ ಹಿಂದೆ, ಮೈಸೂರಿನ ಒಂದು ಸೈಬರ್ ಕೆಫೆಯಲ್ಲಿ. ಗಂಟೆಗೆ 20 ರೂಪಾಯಿ. ಹನ್ನೆರಡು ಕಂಪ್ಯೂಟರುಗಳನ್ನು ಒಂದಕ್ಕೊಂದು ತಂತಿಯಿಂದ ಜೋಡಿಸಿ ಕೌಂಟರ್ ಸ್ಟ್ರೈಕ್ ಆಡುತ್ತಿದ್ದೆವು. ಎಲ್ಲರೂ ಒಂದೇ ಕೋಣೆಯಲ್ಲಿದ್ದುದರಿಂದ ಹೆಡ್‌ಫೋನಿನ ಅಗತ್ಯವಿರಲಿಲ್ಲ, ಗಂಟಲು ಸಾಕಿತ್ತು. ಮೊದಲ ದಿನವೇ ಪಕ್ಕದ ಕುರ್ಚಿಯವನು ನನ್ನನ್ನು ನೂಬ್ ಎಂದ. ಹೊಸಬ ಎಂಬುದರ ಇಂಗ್ಲಿಷ್ ಆಡುನುಡಿ ಸವೆದೂ ಸವೆದೂ ಉಳಿದ ತುಂಡು ಅದು. ಹೊಸಬನಾಗಿರುವುದು ತಪ್ಪಲ್ಲವಾದರೂ ಪದದಲ್ಲಿ ಮುಳ್ಳಿದೆ. ಉತ್ತರನ ಪೌರುಷ ಒಲೆಯ ಮುಂದೆ ಎನ್ನುತ್ತೇವಲ್ಲ, ಆ ಜಾತಿಯ ಮುಳ್ಳು.

ಉತ್ತರಕುಮಾರನ ಮಾತು ಬಂದದ್ದರಿಂದ ಇನ್ನೆರಡು ಪದ ಹೇಳಿಬಿಡುತ್ತೇನೆ. ವಿರಾಟನಗರದಲ್ಲಿ ನಾಟ್ಯ ಕಲಿಸುತ್ತಾ ಕೂತಿದ್ದ ಬೃಹನ್ನಳೆ ಯಾರೆಂದು ಕೌರವ ಸೇನೆಗೆ ರಣರಂಗದಲ್ಲಿ ಎದುರಾಗುವವರೆಗೆ ಗೊತ್ತಾಗಲಿಲ್ಲ. ಹೀಗೆ ಮಹಾ ಆಟಗಾರನೊಬ್ಬ ಬೇರೆ ಹೆಸರಿನ ಹೊಸ ಖಾತೆ ತೆರೆದು ಸಣ್ಣವರ ಸಾಲಿನಲ್ಲಿ ಬಂದು ಆಡಿದರೆ ಅವನು ಸ್ಮರ್ಫ್. 1995ರಲ್ಲಿ ಬಂದ ವಾರ್‌ಕ್ರಾಫ್ಟ್ 2 ಆಟದಲ್ಲಿ ಇಬ್ಬರು ಗಟ್ಟಿ ಆಟಗಾರರ ಹೆಸರು ಕಂಡರೆ ಎದುರಾಳಿಗಳು ಓಡಿಹೋಗುತ್ತಿದ್ದರು. ಅದಕ್ಕೆ ಅವರು ಬೆಲ್ಜಿಯಂ ಕಾಮಿಕ್ಸಿನ ನೀಲಿ ಕುಳ್ಳರಾದ ಸ್ಮರ್ಫ್‌ಗಳ ಹೆಸರಿಟ್ಟುಕೊಂಡು ಬಂದರು. ಹೆಸರು ಹಾಗೇ ಉಳಿಯಿತು. ಇನ್ನು, ತಂಡದ ಉಳಿದವರು ಏನೇ ಎಡವಟ್ಟು ಮಾಡಿದರೂ ಒಬ್ಬನೇ ಹೊತ್ತು ಗೆಲ್ಲಿಸಿದರೆ ಅವನು ಕ್ಯಾರಿ ಮಾಡಿದ ಎನ್ನುತ್ತಾರೆ. ರಥದಿಂದ ಇಳಿದು ಓಡಿದ ಉತ್ತರನನ್ನು ಎಳೆದು ತಂದು ಅರ್ಜುನ ಮಾಡಿದ್ದು ಇದನ್ನೇ. ಊರಿಗೆ ಬಂದಾಗ ಗೆದ್ದವನು ತನ್ನ ಮಗನೇ ಎಂದು ತಂದೆ ಸಂಭ್ರಮಿಸಿದ್ದೂ ಆಟದ ಲೋಕಕ್ಕೆ ಹೊಸದಲ್ಲ.

ಈ ಪದಗಳ ಹುಟ್ಟೂರುಗಳ ಕಡೆ ಒಮ್ಮೆ ಹೋಗಿ ಬರೋಣ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಯ್ ಟ್ರಬ್‌ಷಾ ಒಂದು ಆಟ ಬರೆಯಲು ತೊಡಗಿದರು, ರಿಚರ್ಡ್ ಬಾರ್ಟಲ್ ಅದನ್ನು ಮುಂದುವರಿಸಿದರು. ಹೆಸರು ಮಡ್. ಚಿತ್ರವಿಲ್ಲ, ಬರೀ ಅಕ್ಷರ. ಹಲವರು ಒಂದೇ ಕಾಲ್ಪನಿಕ ಲೋಕದಲ್ಲಿ ಏಕಕಾಲಕ್ಕೆ ತಿರುಗಾಡಬಹುದಾಗಿತ್ತು. ಅಲ್ಲಿ ತಾವಾಗಿಯೇ ಓಡಾಡುವ ಜೀವಿಗಳಿಗೆ ಬಾರ್ಟಲ್ ‘ಮೊಬೈಲ್’ ಎಂದು ಹೆಸರಿಟ್ಟರು, ಚಲಿಸುವಂಥದ್ದು ಎಂಬ ಅರ್ಥದಲ್ಲಿ. ಅದು ಸವೆದು ಮಾಬ್ ಆಯಿತು. ಇಂದಿಗೂ ಆಟಗಾರರು ಕಂಪ್ಯೂಟರ್ ಆಡಿಸುವ ಶತ್ರುವನ್ನು ಮಾಬ್ ಎನ್ನುತ್ತಾರೆ. ಗುಂಪಿಗೂ ಅದಕ್ಕೂ ಸಂಬಂಧವಿಲ್ಲ, ಒಂಟಿ ತೋಳವೂ ಮಾಬ್.

ಫ್ರ್ಯಾಗ್ ಎಂಬ ಪದದ ಕಥೆ ಇಷ್ಟು ಮುದ್ದಾಗಿಲ್ಲ. 1993ರ ಡಿಸೆಂಬರಿನಲ್ಲಿ ಬಂದ ಡೂಮ್ ಆಟದಲ್ಲಿ ನಾಲ್ವರು ಒಬ್ಬರನ್ನೊಬ್ಬರು ಬೇಟೆಯಾಡಬಹುದಾಗಿತ್ತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ಜಾನ್ ರೊಮೆರೊ ಆ ಬಗೆಗೆ ಡೆತ್‌ಮ್ಯಾಚ್ ಎಂದು ಹೆಸರಿಟ್ಟರು. ಎಷ್ಟು ಜನರನ್ನು ಹೊಡೆದಿರಿ ಎಂಬ ಎಣಿಕೆಗೆ ಫ್ರ್ಯಾಗ್ ಎಂದು ಹೆಸರಾಯಿತು. ಆ ಪದ ವಿಯೆಟ್ನಾಂ ಯುದ್ಧದ್ದು. ಅಮೆರಿಕದ ಸೈನಿಕರು ತಮ್ಮದೇ ಅಧಿಕಾರಿಯ ಮೇಲಿನ ಸಿಟ್ಟಿಗೆ ಅವನ ಡೇರೆಗೆ ಚೂರು ಸಿಡಿಯುವ ಗ್ರೆನೇಡು ಎಸೆದು ಕೊಲ್ಲುವುದಕ್ಕೆ ಆ ಹೆಸರಿತ್ತು. ಇಂಥ ಪದ ಹದಿಮೂರು ವರ್ಷದ ಮಕ್ಕಳ ಅಂಕಪಟ್ಟಿಯ ಶೀರ್ಷಿಕೆಯಾದದ್ದು ನನಗೆ ಇಂದಿಗೂ ಹಿಡಿಸದ ಸಂಗತಿ. ಆದರೆ ಪದಗಳು ನಮ್ಮ ಅನುಮತಿ ಕೇಳುವುದಿಲ್ಲ.

ನರ್ಫ್ ನನಗೆ ಅಚ್ಚುಮೆಚ್ಚು. ಅಮೆರಿಕದಲ್ಲಿ 1970ರಿಂದ ಮಾರಾಟವಾಗುತ್ತಿರುವ ಸ್ಪಂಜಿನ ಚೆಂಡು, ಆಮೇಲೆ ಸ್ಪಂಜಿನ ಗುಂಡು ಹಾರಿಸುವ ಬಂದೂಕು, ಇವೆಲ್ಲ ನರ್ಫ್ ಆಟಿಕೆಗಳು. 1997ರ ಅಲ್ಟಿಮಾ ಆನ್‌ಲೈನ್ ಎಂಬ ಆಟದಲ್ಲಿ ಕತ್ತಿಗಳ ಬಲವನ್ನು ತಯಾರಕರು ತಗ್ಗಿಸಿದಾಗ ಆಟಗಾರರು, ಸ್ಪಂಜಿನ ಕೋಲಿನಿಂದ ಹೊಡೆದ ಹಾಗಿದೆ ಎಂದು ಗೊಣಗಿದರು. ಅಂದಿನಿಂದ ಬಲ ತಗ್ಗಿಸುವುದೆಲ್ಲ ನರ್ಫ್, ಹೆಚ್ಚಿಸುವುದು ಬಫ್. ಹಲ್ಲು ಕಿತ್ತ ಹಾವು ಎಂಬ ನಮ್ಮ ಮಾತು ಇದರ ಹತ್ತಿರಕ್ಕೆ ಬರುತ್ತದೆ. ಆದರೆ ಗೊಣಗಾಟದ ದನಿ ನರ್ಫಿನಲ್ಲಿ ಹೆಚ್ಚು. ತನ್ನ ಅಚ್ಚುಮೆಚ್ಚಿನ ಬಂದೂಕು ನರ್ಫ್ ಆದ ದಿನ ಅಕ್ಕನ ಮಗ ಊಟ ಬಿಟ್ಟಿದ್ದ.

ಬೆರಳು ತಪ್ಪಿ ಹುಟ್ಟಿದ ಪದವೂ ಇದೆ. ಕೀಲಿಮಣೆಯಲ್ಲಿ ‘ಓ’ ಮತ್ತು ‘ಪಿ’ ಅಕ್ಕಪಕ್ಕ. ಎದುರಾಳಿಯನ್ನು ಮಣ್ಣು ಮುಕ್ಕಿಸಿದೆ ಎಂಬ ಅರ್ಥದಲ್ಲಿ ‘ಓನ್’ ಎಂದು ಬರೆಯಹೊರಟವರ ಬೆರಳು ಜಾರಿ ಪೌನ್ ಆಯಿತು ಎನ್ನುತ್ತಾರೆ. ಅಚ್ಚಿನ ದೋಷವೇ ಮೆರವಣಿಗೆ ಹೊರಟಿತು.

ಈಗ ನಮ್ಮ ಮನೆಯ ಕಡೆಯ ಪದಗಳಿಗೆ ಬರುತ್ತೇನೆ. ಸತ್ತವನ ಚೀಲ ಬರಿದು ಮಾಡುವುದು, ಖಾಲಿ ಮನೆಗೆ ನುಗ್ಗಿ ಬಂದೂಕು, ಔಷಧಿ ಬಾಚಿಕೊಳ್ಳುವುದು, ಇದಕ್ಕೆಲ್ಲ ಲೂಟ್ ಎನ್ನುತ್ತಾರೆ. ಹುಡುಗರು ಅದನ್ನು ಇಂಗ್ಲಿಷ್ ಎಂದುಕೊಂಡು ಬಳಸುತ್ತಾರೆ. ಅದು ಇಂಗ್ಲಿಷಿಗೆ ಹೋದದ್ದು ಇಲ್ಲಿಂದ, 18ನೆಯ ಶತಮಾನದ ಕೊನೆಗೆ, ಹಿಂದೂಸ್ತಾನಿಯ ಲೂಟ್‌ನಿಂದ. ಕಂಪನಿಯ ಸೈನ್ಯ ಈ ಪದವನ್ನು ಹೊತ್ತೊಯ್ದ ಕಾಲಕ್ಕೇ, 1799ರಲ್ಲಿ, ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಅರಮನೆಯಿಂದ ಎತ್ತಿದ ಮರದ ಹುಲಿ ಇಂದಿಗೂ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ವಸ್ತುವೂ ಹೋಯಿತು, ಆ ಕೃತ್ಯದ ಹೆಸರೂ ಹೋಯಿತು. ಹೆಸರು ಈಗ ಮೊಬೈಲಿನಲ್ಲಿ ಹಿಂತಿರುಗಿದೆ. ನಮ್ಮಲ್ಲಿ ‘ಲೂಟಿ’ ಇದ್ದೇ ಇತ್ತು, ಆದರೆ ಹುಡುಗರು ಆ ‘ಇ’ಕಾರವನ್ನು ಸೇರಿಸುವುದಿಲ್ಲ. ದಕ್ಷಿಣ ಕನ್ನಡದ ಮನೆಗಳಲ್ಲಿ ಲೂಟಿ ಎಂದರೆ ಮಕ್ಕಳ ಕೀಟಲೆ. ಅಲ್ಲಿಯ ತಾಯಿ “ಲೂಟಿ ಮಾಡಬೇಡ” ಎಂದು ಗದರಿಸಿದಾಗ, ಮೊಬೈಲ್ ಹಿಡಿದ ಮಗ “ಲೂಟ್ ಮಾಡದಿದ್ದರೆ ಗನ್ ಎಲ್ಲಿಂದ ಬರುತ್ತದೆ?” ಎಂದರೆ ಇಬ್ಬರದೂ ನ್ಯಾಯವೇ.

ಆಟಗಾರನ ಪರದೆಯ ಮೇಲಿನ ರೂಪಕ್ಕೆ ಅವತಾರ್ ಎನ್ನುತ್ತಾರೆ. 1985ರಲ್ಲಿ ರಿಚರ್ಡ್ ಗ್ಯಾರಿಯಟ್ ತಮ್ಮ ಅಲ್ಟಿಮಾ ಸರಣಿಯ ನಾಲ್ಕನೆಯ ಆಟದಲ್ಲಿ ಈ ಪದ ತಂದರು. ಮರುವರ್ಷವೇ ಹ್ಯಾಬಿಟ್ಯಾಟ್ ಎಂಬ ಆನ್‌ಲೈನ್ ಲೋಕದಲ್ಲಿ ಆಟಗಾರರ ಬೊಂಬೆಗಳಿಗೂ ಅದೇ ಹೆಸರಾಯಿತು. ದಶಾವತಾರದ ಲೆಕ್ಕದಲ್ಲಿ ನೋಡಿದರೆ ಪದ ತಪ್ಪಾಗಿಲ್ಲ, ಮೇಲಿನಿಂದ ಕೆಳಗಿನ ಲೋಕಕ್ಕೆ ಇಳಿಯುವುದೇ ತಾನೆ. ಲೀಗ್ ಆಫ್ ಲೆಜೆಂಡ್ಸ್ ಆಡುವವರಲ್ಲಿ ಕಾಡಿನಲ್ಲೇ ಸುತ್ತುತ್ತಾ ಮೃಗಗಳನ್ನು ಕೊಂದು ಬೆಳೆಯುವವನು ಜಂಗ್ಲರ್. ಈ ಜಂಗಲ್ಲಿನ ಬೇರು ಸಂಸ್ಕೃತದ ಜಾಂಗಲ. ಡೋಟಾ ಆಟದಲ್ಲಿ ಕತ್ತಿ ತಿರುಗಿಸುತ್ತಾ ಎದುರಿಗೆ ಸಿಕ್ಕವರನ್ನೆಲ್ಲ ಕತ್ತರಿಸುವ ವೀರನೊಬ್ಬನ ಹೆಸರು ಜಗರ್ನಾಟ್. ಪುರಿಯ ಜಗನ್ನಾಥನ ರಥ ಕಂಡು ದಂಗಾದ ಯುರೋಪಿನ ಪ್ರವಾಸಿಗಳ ಬಾಯಲ್ಲಿ ಸ್ವಾಮಿಯ ಹೆಸರು ತಿರುಚಿ ಹೀಗಾಯಿತು. ಮಂಗಳೂರಿನ ಹುಡುಗ ಜಗರ್ನಾಟ್ ಎಂದು ನಾಲಿಗೆ ತಿರುಗಿಸುವಾಗ ಜಗನ್ನಾಥ ಎಲ್ಲೋ ನಗುತ್ತಿರಬೇಕು.

ಪಿಂಗ್ ಬಗ್ಗೆ ಒಂದಿಷ್ಟು ಲೆಕ್ಕ ಹೇಳದಿದ್ದರೆ ನಾನು ಸಾಫ್ಟ್‌ವೇರ್ ಕೆಲಸದವನು ಎಂದು ಹೇಳಿಕೊಳ್ಳಲು ಬಾರದು. ಜಲಾಂತರ್ಗಾಮಿಯ ಸೋನಾರ್ ಹೊರಡಿಸುವ ಟಿಣ್ ಎಂಬ ಸದ್ದನ್ನು ನೆನೆದು 1983ರಲ್ಲಿ ಮೈಕ್ ಮೂಸ್ ಎಂಬ ಅಮೆರಿಕದ ತಂತ್ರಜ್ಞರು ಒಂದು ಪುಟ್ಟ ಪ್ರೋಗ್ರಾಮಿಗೆ ಪಿಂಗ್ ಎಂದು ಹೆಸರಿಟ್ಟರು. ಸಂದೇಶ ಆ ತುದಿಗೆ ಹೋಗಿ ಮರಳಲು ಎಷ್ಟು ಹೊತ್ತು ಎಂದು ಅಳೆಯುವುದು ಅದರ ಕೆಲಸ. ಬೆಂಗಳೂರಿನಿಂದ ಸಿಂಗಪುರ ನೇರ ಗೆರೆಯಲ್ಲಿ ಸುಮಾರು 3,200 ಕಿ.ಮೀ. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಹತ್ತಿರ ಹತ್ತಿರ 2 ಲಕ್ಷ ಕಿ.ಮೀ. ಹೋಗಿ ಬರಲು ಕನಿಷ್ಠ 32 ಮಿಲಿಸೆಕೆಂಡು. ಸಮುದ್ರದಡಿಯ ಕೇಬಲ್ಲು ನೇರ ಹೋಗುವುದಿಲ್ಲ, ದಾರಿಯಲ್ಲಿ ಹತ್ತಾರು ಕಡೆ ನಿಂತು ವಿಚಾರಿಸಿಕೊಂಡು ಹೋಗಬೇಕು, ಹಾಗಾಗಿ ನಿಜದ ಅಂಕಿ ಇದಕ್ಕಿಂತ ಹೆಚ್ಚು. ಅದು ಮಿತಿ ಮೀರಿದಾಗ ಪರದೆಯ ಮೇಲಿನವನು ಒಂದೆಡೆ ಕಾಣುತ್ತಾನೆ, ಇರುವುದು ಇನ್ನೊಂದೆಡೆ. ಅದೇ ಲ್ಯಾಗ್. ನ್ಯೂಜೆರ್ಸಿಯಲ್ಲಿರುವ ನನ್ನ ಗೆಳೆಯನ ಮಗ ಬೆಂಗಳೂರಿನ ಸೋದರಸಂಬಂಧಿಗಳ ಜೊತೆ ಆಡಲು ಕೂತರೆ ಅವನ ಪಿಂಗ್ 200 ದಾಟುತ್ತದೆ. ಅವನು ಗುರಿಯಿಟ್ಟ ಕ್ಷಣಕ್ಕೆ ಇಲ್ಲಿನ ಹುಡುಗ ಗೋಡೆಯ ಆಚೆ ದಾಟಿರುತ್ತಾನೆ. “ಲ್ಯಾಗ್ ಹೊಡೆಯುತ್ತಿದೆ” ಎಂಬುದು ಅರ್ಧ ಸಲ ಸತ್ಯ. ಉಳಿದ ಅರ್ಧ, ಕುಣಿಯಲಾರದವಳಿಗೆ ಅಂಗಳ ಡೊಂಕು.

ಎಎಫ್‌ಕೆ, ಅಂದರೆ ಕೀಲಿಮಣೆಯ ಹತ್ತಿರ ಇಲ್ಲ ಎಂಬ ಇಂಗ್ಲಿಷ್ ಮಾತಿನ ಮೊದಲಕ್ಷರಗಳು, ನಮಗೆ ಹೊಸದೇನಲ್ಲ. ಜೂಟಾಟದಲ್ಲಿ ಚಪ್ಪಲಿಯ ಉಂಗುಷ್ಠ ಕಿತ್ತುಹೋದಾಗ ಕೈ ಎತ್ತಿ “ಟೈಮ್ ಪ್ಲೀಸ್” ಎನ್ನುತ್ತಿದ್ದೆವಲ್ಲ? ಒಂದು ವ್ಯತ್ಯಾಸವಿದೆ. ಟೈಮ್ ಪ್ಲೀಸ್ ಎಂದವನನ್ನು ಮುಟ್ಟುವಂತಿರಲಿಲ್ಲ. ಎಎಫ್‌ಕೆ ಎಂದವನನ್ನು ಮೊದಲು ಹೊಡೆಯುತ್ತಾರೆ.

ಜಿಜಿ ಎಂಬುದಕ್ಕೆ ಸ್ವಲ್ಪ ನಿಲ್ಲಬೇಕು. ಒಳ್ಳೆಯ ಆಟವಾಯಿತು ಎಂಬ ಇಂಗ್ಲಿಷ್ ಮಾತಿನ ಎರಡು ಮೊದಲಕ್ಷರ. ಈ ಎರಡಕ್ಷರಕ್ಕೆ ಘನತೆ ಬಂದದ್ದು ದಕ್ಷಿಣ ಕೊರಿಯಾದಲ್ಲಿ. 1997ರ ಆರ್ಥಿಕ ಕುಸಿತದ ನಂತರ ಅಲ್ಲಿ ಬೀದಿಗೊಂದು ಪಿಸಿ ಬಾಂಗ್, ಅಂದರೆ ಕಂಪ್ಯೂಟರ್ ಕೋಣೆ, ತೆರೆಯಿತು. 1998ರಲ್ಲಿ ಸ್ಟಾರ್‌ಕ್ರಾಫ್ಟ್ ಎಂಬ ಯುದ್ಧದಾಟ ಬಂತು. ಟಿವಿಯಲ್ಲಿ ಪಂದ್ಯಗಳ ನೇರ ಪ್ರಸಾರವೂ ಶುರುವಾಯಿತು. ಸೋಲು ಖಚಿತವಾದ ಆಟಗಾರ ಕೊನೆಯ ಸೈನಿಕ ಸಾಯುವವರೆಗೆ ಕಾಯುವುದಿಲ್ಲ, ಜಿಜಿ ಎಂದು ಬರೆದು ಹೊರಬೀಳುತ್ತಾನೆ. ಸೋತವನು ಮೊದಲು ಹೇಳಬೇಕು, ಗೆದ್ದವನು ಅವಸರಪಟ್ಟರೆ ಅದು ಅಹಂಕಾರ. ಕೊರಿಯನ್ನರು ಇದಕ್ಕೆ ‘ಜಿಜಿ ಚಿದಾ’ ಎನ್ನುತ್ತಾರೆ. ಚಿದಾ ಎಂದರೆ ಹೊಡೆಯುವುದು, ಟೈಪ್ ಮಾಡುವುದಕ್ಕೂ ಅದೇ ಕ್ರಿಯಾಪದ. ನಾವೂ ಟೈಪ್ ಹೊಡೆಯುವವರೇ. ಬೆರಳಚ್ಚು ಯಂತ್ರದ ಕಾಲದಿಂದ ಅರ್ಜಿಯನ್ನು ಟೈಪ್ ಹೊಡೆಸಿಕೊಂಡು ಬಂದವರು. ಸಿಯೋಲ್‌ನ ಹುಡುಗ ಮತ್ತು ಶಿವಮೊಗ್ಗದ ಹುಡುಗ ಒಂದೇ ಕ್ರಿಯಾಪದದಲ್ಲಿ ಸೋಲು ಒಪ್ಪುತ್ತಾರೆ ಎಂಬುದು ಗೊತ್ತಾದ ದಿನ ನನಗೆ ಬಹಳ ಖುಷಿಯಾಯಿತು.

ಈ ಸಭ್ಯತೆಗೂ ಹುಳ ಹಿಡಿಯಿತು. ಗೆದ್ದವರು ‘ಜಿಜಿ ಈಝಿ’ ಎಂದು ಬರೆಯತೊಡಗಿದರು, ಅಂದರೆ ನಿಮ್ಮನ್ನು ಸೋಲಿಸುವುದು ನೀರು ಕುಡಿದಷ್ಟು ಸುಲಭವಾಯಿತು ಎಂದು. 2016ರಲ್ಲಿ ಬಂದ ಓವರ್‌ವಾಚ್ ಆಟದವರು ಇದಕ್ಕೆ ಬೈಯಲಿಲ್ಲ, ಶಿಕ್ಷೆಯನ್ನೂ ಕೊಡಲಿಲ್ಲ. ಯಾರಾದರೂ ಆ ಮಾತು ಬರೆದರೆ ಎಲ್ಲರ ಪರದೆಯ ಮೇಲೂ ಬೇರೊಂದು ವಾಕ್ಯ ಮೂಡುವಂತೆ ಮಾಡಿಬಿಟ್ಟರು. ನನ್ನ ಮಲಗುವ ಹೊತ್ತಾಯಿತು, ದಯವಿಟ್ಟು ಅಮ್ಮನಿಗೆ ಹೇಳಬೇಡಿ ಎನ್ನುವ ಧಾಟಿಯವು. ಮೆರೆಯಲು ಹೋದವನ ಬಾಯಿಂದಲೇ ತೊದಲು ಹೊರಡಿಸಿದ ಆ ಪುಣ್ಯಾತ್ಮರ ಬಗ್ಗೆ ನನಗೆ ಅಪಾರ ಗೌರವವಿದೆ.

ಇಲ್ಲಿಗೆ ನನ್ನ ಮಾತು ನಿಲ್ಲಿಸಿ ಪ್ರಶ್ನೆಗಳಿಗೆ ಬಂದೆ.

ಮುಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: “ಇವಕ್ಕೆಲ್ಲ ನಾವು ಕನ್ನಡ ಪದ ಕಟ್ಟಬಾರದೇ?”

ಕಟ್ಟಬಹುದು ಸಾರ್, ಆದರೆ ಗಡಿಯಾರ ನೋಡಿಕೊಂಡು ಕಟ್ಟಬೇಕು. ರಿವೈವ್‌ಗೆ ‘ಪುನರುಜ್ಜೀವನಗೊಳಿಸು’ ಎಂದು ಕೊಟ್ಟರೆ ಹುಡುಗ ‘ಪುನರು’ ಎನ್ನುವಷ್ಟರಲ್ಲಿ ಗೆಳೆಯನ ಕಥೆ ಮುಗಿದಿರುತ್ತದೆ. ಆದರೆ ನೀವು ಗಮನಿಸಿದಿರೋ ಇಲ್ಲವೋ, ಅಕ್ಕನ ಮಗ ಬಿದ್ದಾಗ “ಬೇಗ ಎಬ್ಬಿಸು” ಎಂದ. ಶತ್ರು ಬೆನ್ನಿಗೆ ಬಂದಾಗ “ಹಿಂದೆ, ಹಿಂದೆ” ಎಂದ. ಜೀವ ಬಾಯಿಗೆ ಬಂದಾಗ ಅವನ ಬಾಯಿಗೆ ಬಂದದ್ದು ಕನ್ನಡವೇ, ಚಿಕ್ಕದಾಗಿದ್ದರೆ. ಒಳಗೆ, ಮೇಲೆ, ಹಿಂದೆ, ಬಾ, ನಿಲ್ಲು, ಬಿದ್ದ, ಎಬ್ಬಿಸು ಇವೆಲ್ಲ ಹಾಗೆ ಉಳಿದಿವೆ. ಅಂಕಿಗಳು ಮಾತ್ರ ಕೈಬಿಟ್ಟಿವೆ. ಪರದೆಯ ಮೇಲ್ತುದಿಯ ದಿಕ್ಸೂಚಿಯ ಡಿಗ್ರಿಯನ್ನು ಅವರು ಇಂಗ್ಲಿಷಿನಲ್ಲೇ ಓದುತ್ತಾರೆ. ಮುನ್ನೂರ ಮೂವತ್ತು ಎಂದು ಯಾರೂ ಹೇಳಿದ್ದನ್ನು ಕೇಳಿಲ್ಲ, ಅದಕ್ಕೆ ಮಗ್ಗಿಯನ್ನೂ ಇಂಗ್ಲಿಷಿನಲ್ಲೇ ಕಲಿಸಿದ ನಾವು ಹೊಣೆ.

ಒಬ್ಬ ತಾಯಿ ಬೈಗುಳದ ಬಗ್ಗೆ ಕೇಳಿದರು. ಅವರ ಮಗಳಿಗೂ ಆಡುವ ಹುಚ್ಚು, ಆದರೆ ಮೈಕ್ ಆರಿಸಿ ಆಡುತ್ತಾಳಂತೆ. ದನಿ ಕೇಳಿದ ಕೂಡಲೇ ಶುರುವಾಗುವ ಮಾತುಗಳು ಅವಳಿಗೆ ಸಾಕಾಗಿವೆ. ಈ ಪ್ರಶ್ನೆಗೆ ನನ್ನ ಬಳಿ ಚಮತ್ಕಾರದ ಉತ್ತರವಿಲ್ಲ. ಪದಗಳ ಹುಟ್ಟಿನ ಬಗ್ಗೆ ಅರ್ಧ ದಿನ ಬಣ್ಣಿಸಬಲ್ಲೆ. ಆದರೆ ಅಪರಿಚಿತರ ನಡುವೆ, ಮುಖ ತೋರಿಸದೆ, ಸೋಲಿನ ಸಿಟ್ಟಿನಲ್ಲಿ ಹೊರಬೀಳುವ ಕೊಳಕಿಗೆ ಭಾಷಾಶಾಸ್ತ್ರದ ಶಾಲು ಹೊದಿಸಲಾರೆ. ಮ್ಯೂಟ್ ಗುಂಡಿ ಇದೆ, ದೂರು ಕೊಡುವ ಗುಂಡಿಯೂ ಇದೆ, ಎರಡನ್ನೂ ಹಿಂಜರಿಯದೆ ಒತ್ತಲಿ. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್ ಎಂಬ ಆಟದಲ್ಲಿ ಒಂದು ಮಾತೂ ಆಡದೆ ಇಲ್ಲಿ ಶತ್ರು, ಇಲ್ಲಿ ಮದ್ದು, ಅಲ್ಲಿಗೆ ಹೋಗೋಣ ಎಂದು ಗುರುತು ಹಾಕಿ ತಿಳಿಸುವ ಏರ್ಪಾಡಿದೆ. ಅದಕ್ಕೂ ಪಿಂಗ್ ಎಂದೇ ಹೆಸರು. ಅದು ಬಂದಾಗಿನಿಂದ ಮೈಕ್ ಇಲ್ಲದವರೂ ತಂಡದಲ್ಲಿ ಸರಿಸಮವಾಗಿ ಆಡಬಹುದಾಗಿದೆ. ಆದರೆ ಬೈಯುವವನು ಮಾತನಾಡುತ್ತಲೇ ಇದ್ದು, ಹುಡುಗಿ ಮೂಕಿಯಾಗಬೇಕೇ ಎಂದು ಆ ತಾಯಿ ಮರುಪ್ರಶ್ನೆ ಹಾಕಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ.

ಕೊನೆಯ ಪ್ರಶ್ನೆ ಗೋಡೆಯ ಪಕ್ಕ ಕೂತಿದ್ದ ಒಬ್ಬ ಅಜ್ಜಿಯದು. ಅವರು ಎದ್ದು ನಿಲ್ಲಲಿಲ್ಲ, ಕೂತಲ್ಲಿಂದಲೇ ಕೇಳಿದರು. “ನಾವು ಚೌಕಾಬಾರ ಆಡುವಾಗ ಕಾಯಿ ಸುತ್ತು ಮುಗಿಸಿ ನಡುಮನೆ ಸೇರಿದರೆ ಹಣ್ಣಾಯಿತು ಅನ್ನುತ್ತಿದ್ದೆವು. ನಿಮ್ಮ ಆಟದಲ್ಲಿ ಅದಕ್ಕೆ ಏನು ಅನ್ನುತ್ತಾರೆ?”

ನಾನು ಯೋಚಿಸಿದೆ. ಹೊಡೆಯುವುದಕ್ಕೆ ಹತ್ತು ಪದ ಗೊತ್ತಿತ್ತು, ಬೀಳುವುದಕ್ಕೆ ಐದಾರು. ಹಣ್ಣಾಗುವುದಕ್ಕೆ ಸರಿಸಾಟಿಯಾದದ್ದು ನೆನಪಿಗೆ ಬರಲಿಲ್ಲ. “ಅಂಥ ಪದವಿಲ್ಲ ಅಮ್ಮ. ಆ ಆಟದಲ್ಲಿ ಗೆಲ್ಲುವುದು ನಾಲ್ಕೇ ಜನ. ಮಿಕ್ಕವರೆಲ್ಲ ಕಾಯಿಯಾಗಿಯೇ ಉದುರುತ್ತಾರೆ” ಎಂದೆ.

“ಹಾಗಾದರೆ ಆ ತೊಂಬತ್ತಾರು ಜನ ಏನು ಮಾಡುತ್ತಾರೆ?”

ಹಿಂದಿನ ಸಾಲಿನಿಂದ ಅಕ್ಕನ ಮಗನ ದನಿ ಬಂತು. ಅವನು ಸಭೆಯಲ್ಲಿದ್ದಾನೆಂದೇ ನನಗೆ ಗೊತ್ತಿರಲಿಲ್ಲ.

“ಇನ್ನೊಂದು ಮ್ಯಾಚ್ ಹಾಕುತ್ತೇವೆ, ಅಜ್ಜಿ.”